ರೇಡಿಯೇಟರ್ ಮಿಸ್ತ್ರಿ ಜೋಡಿಸಿಕೊಟ್ಟ ಬಿಸಿಗಾಳಿ

ನಮ್ಮ ಸೇಡಂ ಕಡೆ ಗಾಡಿಯ ಹೀಟರು ಕೆಟ್ಟಿದೆ ಎಂದರೆ ಜನ ಮೊದಲು ನಗುತ್ತಾರೆ. ವರ್ಷದ ಬಹುಪಾಲು ಗಾಡಿಯ ಬಾಗಿಲು ಮುಟ್ಟಿದರೆ ಕೈ ಸುಡುವ ಸೀಮೆ ಇದು. ಇಂಥಲ್ಲಿ ಗ್ಯಾರೇಜಿಗೆ ಹೋಗಿ, ಹೀಟರಿನಿಂದ ತಣ್ಣನೆಯ ಗಾಳಿ ಬರುತ್ತಿದೆ ಎಂದು ದೂರಿದರೆ, "ನಸೀಬ್ ಛಲೋ ಅದ ನಿಮ್ದು, ಹಂಗೇ ಬಿಡ್ರಿ" ಎಂಬ ಉತ್ತರ ಸಿಗುತ್ತದೆ. ನಮಗೂ ಸಿಕ್ಕಿತ್ತು, ಎರಡು ಕಡೆ. ನಗದೆ ಕೇಳಿಸಿಕೊಂಡವರು ಒಬ್ಬರೇ. ಈ ದೀಪಾವಳಿಗೆ ಅವರು ಅಂಗಡಿ ಮುಚ್ಚಿದರು ಎಂದು ತಿಳಿದಾಗಿನಿಂದ ಅವರ ಬಗ್ಗೆ ನಾಲ್ಕು ಮಾತು ಬರೆದಿಡಬೇಕು ಅನ್ನಿಸುತ್ತಿದೆ.

ಹೆಸರು ಬರೆಯುವುದಿಲ್ಲ. ಬರೆದರೂ ಉಪಯೋಗವಿಲ್ಲ, ಹೆಸರು ಹಿಡಿದು ಕೇಳಿದರೆ ಅವರ ಓಣಿಯವರೇ ತಲೆ ಕೆರೆದುಕೊಳ್ಳುತ್ತಿದ್ದರು. ರೇಡಿಯೇಟರ್ ಮಿಸ್ತ್ರಿ ಎಂದರೆ ಮಾತ್ರ ಚಿತ್ತಾಪುರದ ಟ್ಯಾಕ್ಸಿಯವನಿಗೂ ಶಹಾಬಾದಿನ ಲಾರಿಯವನಿಗೂ ದಾರಿ ಗೊತ್ತಿತ್ತು. ವಾಡಿಗೆ ಹೋಗುವ ರಸ್ತೆಯ ಪಕ್ಕದಲ್ಲಿ, ಫರ್ಸಿ ಎಂಬ ಚಪ್ಪಡಿ ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ ಮಾಡಿದ ಮೂರು ಗೋಡೆ, ಮೇಲೊಂದು ತಗಡು. ಅಷ್ಟೇ ಅಂಗಡಿ. ಬೋರ್ಡು ಇರಲಿಲ್ಲ. ಹಳೆಯ ರೇಡಿಯೇಟರೊಂದನ್ನು ತಂತಿಯಲ್ಲಿ ಕಟ್ಟಿ ತೂಗುಬಿಟ್ಟಿದ್ದರು. ಗಾಳಿ ಬಂದಾಗ ಅದು ಗೋಡೆಗೆ ತಾಗಿ ಸದ್ದು ಮಾಡುತ್ತಿತ್ತು.

ಅವರದು ಕಾಗಿಣಾ ಹೊಳೆ ದಂಡೆಯ ಊರು. ಸೇತುವೆ ಆಗುವ ಮುಂಚೆ ಅವರ ತಂದೆ ಹೊಳೆಯಲ್ಲಿ ಜನರನ್ನು ದಾಟಿಸುತ್ತಿದ್ದರಂತೆ. ಮಗ ವಾಡಿಗೆ ಹೋಗಿ, ಅಲ್ಲೊಬ್ಬ ಹಿರಿಯ ಕೆಲಸಗಾರನಿಂದ ಬೆಸುಗೆ ಹಾಕುವುದನ್ನು ಕಲಿತು, ಸೇಡಂಗೆ ಬಂದು ಅಂಗಡಿ ಹಾಕಿದರು. ನಾನು ಮೊದಲು ನೋಡಿದಾಗ ಅವರಿಗೆ ಅರವತ್ತು ದಾಟಿತ್ತು. ಎತ್ತರದ ಆಳು, ದಿನವೂ ಬಾನೆಟ್ಟಿನೊಳಗೆ ಬಗ್ಗಿ ಬಗ್ಗಿ ಬೆನ್ನು ಬಾಗಿಹೋಗಿತ್ತು. ಎಲ್ಲ ಕೆಲಸ ಎಡಗೈಯಲ್ಲಿ. ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಹರೆಯದಲ್ಲಿ ಯಾರದೋ ಅವಸರಕ್ಕೆ ಬಿಸಿ ರೇಡಿಯೇಟರಿನ ಮುಚ್ಚಳ ತೆಗೆದದ್ದರ ಗುರುತು.

ಆಮೇಲೆ ಅವರು ಯಾರ ಅವಸರಕ್ಕೂ ಸೊಪ್ಪು ಹಾಕಿದವರಲ್ಲ. ಒಮ್ಮೆ ನಾನು ಅಲ್ಲಿದ್ದಾಗಲೇ ಒಬ್ಬ ದೊಡ್ಡ ಅಧಿಕಾರಿಯ ಕಾರು ಹೊಗೆಯಾಡುತ್ತ ಬಂದು ನಿಂತಿತು. ಇಳಿದವರು ಗಡಿಯಾರ ನೋಡಿಕೊಳ್ಳುತ್ತ, ಮೀಟಿಂಗ್ ಇದೆ, ಬೇಗ ತೆಗೆದು ನೀರು ಹಾಕಿ ಅಂದರು. "ಕುಂದ್ರಿ ಸಾಹೇಬ್ರ, ಇಂಜಿನ್ ಆರ್ಲಿ" ಎಂದರು ಮಿಸ್ತ್ರಿ. ಸಾಹೇಬರು ಮತ್ತೊಮ್ಮೆ ಹೇಳಿದರು. ಮಿಸ್ತ್ರಿ ಅಂಗಿಯ ತೋಳು ಮೇಲೇರಿಸಿ ಬಲಗೈಯನ್ನು ಅವರ ಮುಂದೆ ಹಿಡಿದರು. ಸಾಹೇಬರು ಹೋಗಿ ಹಳೆಯ ಟೈರಿನ ಮೇಲೆ ಕುಳಿತರು.

ಮಿಸ್ತ್ರಿಗೆ ಸಿಟ್ಟು ಬರುತ್ತಿದ್ದದ್ದು ಒಂದೇ ವಿಷಯಕ್ಕೆ. ನಮ್ಮ ನೆಲದ ತುಂಬ ಸುಣ್ಣದ ಕಲ್ಲು. ಬೋರಿನ ನೀರು ಕುದಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪದರ ನಿಲ್ಲುತ್ತದೆ. ಡ್ರೈವರುಗಳು ಅದೇ ನೀರನ್ನು ರೇಡಿಯೇಟರಿಗೂ ಸುರಿಯುತ್ತಾರೆ. "ಬೋರಿನ ನೀರ ಹಾಕೀಯಲ್ಲೋ, ನಿನ್ನ ಗಾಡಿ ಒಳಗ ಸಿಮೆಂಟ್ ಫ್ಯಾಕ್ಟರಿ ಕಟ್ಟೀಯೇನು?" ಎಂದು ರೇಗುತ್ತಿದ್ದರು. ರೇಗಿದ ಮೇಲೆ ತಾವೇ ಒಂದು ಕ್ಯಾನ್ ಒಳ್ಳೆಯ ನೀರು ತುಂಬಿ ಕೊಟ್ಟು ಕಳಿಸುತ್ತಿದ್ದರು.

ನನಗೂ ಅವರಿಗೂ ಪರಿಚಯವಾದದ್ದು ಒಂದು ಕೂಸಿನಿಂದ.

ನಾನು ನರ್ಸು. ಸೇಡಮಿನಿಂದ ತುಸು ದೂರದ ಒಂದು ಚಿಕ್ಕ ಟ್ರಸ್ಟಿನ ಆಸ್ಪತ್ರೆಯಲ್ಲಿ ಕೆಲಸ. ಹಳ್ಳಿಗಳಿಂದ ಬಾಣಂತಿಯರನ್ನೂ ಹಸುಗೂಸುಗಳನ್ನೂ ದೊಡ್ಡ ಆಸ್ಪತ್ರೆಗೆ ಸಾಗಿಸಲು ನಮ್ಮಲ್ಲಿ ಒಂದು ಹಳೆಯ ಜೀಪು ಇತ್ತು. ಓಡಿಸುವವನು ರಾಜಪ್ಪ, ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನನ್ನು ಅಕ್ಕಾ ಎಂದು ಕರೆಯುವವನು. ಅದೊಂದು ಡಿಸೆಂಬರಿನಲ್ಲಿ ಚಿಂಚೋಳಿ ಕಡೆಯ ತಾಂಡಾ ಒಂದರಿಂದ ಫೋನ್ ಬಂತು. ಹೆರಿಗೆ ಒಂದು ತಿಂಗಳು ಮುಂಚೆಯೇ ಆಗಿದೆ, ಹೆಣ್ಣು ಕೂಸು, ಅಂಗೈಯಷ್ಟಿದೆ. ಬೆಳಕು ಹರಿಯುವ ಹೊತ್ತಿಗೆ ನಾವು ತಾಯಿ ಮಗುವನ್ನು ಕೂರಿಸಿಕೊಂಡು ಕಲಬುರಗಿ ದಾರಿ ಹಿಡಿದಿದ್ದೆವು.

ಚಿಂಚೋಳಿ ಕಡೆಯ ಡಿಸೆಂಬರಿನ ಮುಂಜಾವು ಹೇಗಿರುತ್ತದೆಂದು ನಮ್ಮ ಬೇಸಿಗೆಯನ್ನಷ್ಟೇ ನೋಡಿದವರಿಗೆ ಗೊತ್ತಾಗದು. ತೊಗರಿ ಹೊಲದ ಮೇಲೆ ಮಂಜು ಕೂತಿತ್ತು. ಕಿಟಕಿಯ ರಬ್ಬರು ಹರಿದಲ್ಲೆಲ್ಲ ಗಾಳಿ ನುಗ್ಗುತ್ತಿತ್ತು. "ರಾಜಪ್ಪ, ಹೀಟರ್ ಹಚ್ಚು" ಅಂದೆ. ಅವನು ಗುಂಡಿ ತಿರುಗಿಸಿದ. ಬಂದದ್ದು ಹೊರಗಿನಷ್ಟೇ ತಣ್ಣಗಿನ ಗಾಳಿ. ಅವನು ಪೂರ್ತಿ ತಿರುಗಿಸಿದ. ಇನ್ನೂ ಜೋರಾಗಿ, ಇನ್ನೂ ತಣ್ಣಗೆ ಬಂತು.

"ಬಂದ್ ಮಾಡೋ, ಬಂದ್ ಮಾಡು!" ಎಂದು ಕೂಗಿದೆ.

ಕೂಸಿನ ಹೊಟ್ಟೆ ಮುಟ್ಟಿದೆ, ಬೆಚ್ಚಗಿತ್ತು. ಪಾದ ಮುಟ್ಟಿದೆ. ತಣ್ಣಗಿತ್ತು. ಅಷ್ಟು ಚಿಕ್ಕ ಕೂಸಿಗೆ ಪಾದ ತಣ್ಣಗಾಗುವುದೆಂದರೆ ಮೈಯ ಬಿಸಿ ಸೋಲುತ್ತಿದೆ ಎಂದರ್ಥ. ಕೂಸಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ತಾಯಿಯ ಕುಪ್ಪಸದೊಳಗೆ ಬರೀ ಎದೆಗೆ ಒರಗಿಸಿ, ಮೇಲೆ ನನ್ನ ಸ್ವೆಟರು, ರಾಜಪ್ಪನ ಶಾಲು, ಸೀಟಿನ ಮೇಲಿನ ಹಾಸು ಎಲ್ಲವನ್ನೂ ಸುತ್ತಿದೆ. ಕಾಳಗಿ ದಾಟಿದ ಮೇಲೂ ನನ್ನ ಬೆರಳು ಕೂಸಿನ ಪಾದದ ಮೇಲೆಯೇ ಇತ್ತು. ಕಲಬುರಗಿ ಮುಟ್ಟಿದಾಗ ಪಾದ ಸ್ವಲ್ಪ ಬೆಚ್ಚಗಾಗಿತ್ತು. ಅಲ್ಲಿನ ಡಾಕ್ಟರು ಕೂಸನ್ನು ಒಳಗೆ ತೆಗೆದುಕೊಂಡು ಹೋಗುತ್ತ ಕೇಳಿದರು: "ಇಂಥಾ ಥಂಡ್ಯಾಗ ಹೀಟರ್ ಇಲ್ಲದ ಗಾಡ್ಯಾಗ ತಂದೀರೇನ್ರಿ?"

ಕೂಸು ಉಳಿಯಿತು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ.

ಮರುದಿನವೇ ರಾಜಪ್ಪ ಜೀಪನ್ನು ಗ್ಯಾರೇಜಿಗೆ ಒಯ್ದ. ಒಬ್ಬರು ನಗುತ್ತಲೇ ಥರ್ಮೋಸ್ಟ್ಯಾಟ್ ಬದಲಿಸಿದರು. ಇನ್ನೊಬ್ಬರು ಫ್ಯಾನಿನ ದೋಷ ಎಂದು ಅದನ್ನು ಬಿಚ್ಚಿ ಹಾಕಿದರು. ಗಾಳಿ ಮಾತ್ರ ತಣ್ಣಗೇ ಬರುತ್ತಿತ್ತು. ಆಫೀಸಿನಲ್ಲಿ, ಇನ್ನೊಂದು ತಿಂಗಳಿಗೆ ಚಳಿಯೇ ಹೋಗುತ್ತದೆ, ಈಗೇಕೆ ಇಷ್ಟೆಲ್ಲ ಎಂದರು. ಆಗ ರಾಜಪ್ಪನೇ ರೇಡಿಯೇಟರ್ ಮಿಸ್ತ್ರಿಯ ಹೆಸರು ತೆಗೆದದ್ದು. ಈ ಸಲ ನಾನೂ ಜೊತೆಗೆ ಹೋದೆ.

ಮಿಸ್ತ್ರಿ ಇಂಜಿನ್ ಚಾಲೂ ಮಾಡಿಸಿ, ಬಿಸಿಯಾಗುವ ತನಕ ಸುಮ್ಮನೆ ನಿಂತಿದ್ದರು. ಆಮೇಲೆ ಬಾನೆಟ್ಟಿನೊಳಗೆ ಬಗ್ಗಿ, ಇಂಜಿನ್ನಿನ ಹಿಂದಿನ ಸಂದಿಗೆ ಕೈ ತೂರಿಸಿ, ಎರಡು ರಬ್ಬರ್ ಪೈಪುಗಳನ್ನು ಮುಟ್ಟಿ ನೋಡಿದರು. ಇಂಜಿನ್ನಿನ ಬಿಸಿನೀರು ಒಂದರಿಂದ ಹೋಗಿ, ಡ್ಯಾಶ್‌ಬೋರ್ಡಿನ ಹಿಂದಿರುವ ಚಿಕ್ಕ ರೇಡಿಯೇಟರಿನಲ್ಲಿ ಹರಿದು, ಇನ್ನೊಂದರಿಂದ ವಾಪಸು ಬರಬೇಕು. ಆ ಚಿಕ್ಕ ರೇಡಿಯೇಟರಿನ ಮೇಲೆ ಫ್ಯಾನು ಊದಿದಾಗ ನಮಗೆ ಬಿಸಿಗಾಳಿ. ಹೀಟರು ಅಂದರೆ ಇಷ್ಟೇ ಎಂದು ನನಗೆ ಅವತ್ತೇ ತಿಳಿದದ್ದು.

"ಎರಡೂ ಪೈಪ ಗರಂ ಅವ. ಗಾಳಿ ಮಾತ್ರ ಥಂಡಿ" ಎಂದು ತಮಗೆ ತಾವೇ ಹೇಳಿಕೊಂಡರು. "ನೀರ ತಿರಗ್ಲಿಕತ್ತದ. ಒಳಗ ಮಾತ್ರ ಹೋಗ್ಲಿಕತ್ತಿಲ್ಲ."

ಟಾರ್ಚ್ ಹಿಡಿದು, ಧೂಳು ಮೆತ್ತಿದ್ದ ಬಟ್ಟೆಯ ಸುತ್ತನ್ನು ಬಿಚ್ಚಿದರು. ಅಲ್ಲಿ ಎರಡೂ ಪೈಪುಗಳನ್ನು ಬಗ್ಗಿಸಿದ ಒಂದು ತಾಮ್ರದ ಕೊಳವೆಯಿಂದ ಒಂದಕ್ಕೊಂದು ಜೋಡಿಸಿ, ತಂತಿ ಬಿಗಿದಿದ್ದರು. ಹೀಟರಿಗೆ ಹೋಗುವ ನೀರನ್ನು ಬಾಗಿಲಲ್ಲೇ ಹೊರಳಿಸಿ ಕಳಿಸುವ ಕೆಲಸ ಅದು. ರಾಜಪ್ಪನೂ ಇಣುಕಿ ನೋಡಿದ. ಹೊಟ್ಟೆಯಲ್ಲಿದ್ದ ಸಿಟ್ಟೆಲ್ಲ ಹೊರಬಂತು.

"ಯಾವ ಬೇಕೂಫ್ ಹಿಂಗ ಮಾಡ್ಯಾನ ಕಾಕಾ ಇದನ್ನ?"

ಮಿಸ್ತ್ರಿ ಟಾರ್ಚನ್ನು ಆ ತಂತಿಯ ಮೇಲೆಯೇ ಹಿಡಿದು ಬಹಳ ಹೊತ್ತು ನೋಡಿದರು. ತಂತಿಯ ತಿರುವು ಎಡಕ್ಕಿತ್ತು. ಬಲಗೈಯವರು ತಿರುವಿದರೆ ಅದು ಬಲಕ್ಕೆ ಬೀಳುತ್ತದಂತೆ. ಈ ಸೂಕ್ಷ್ಮ ನನಗಾಗಲಿ ರಾಜಪ್ಪನಿಗಾಗಲಿ ಗೊತ್ತಾಗುವ ಹಾಗಿರಲಿಲ್ಲ. ಅವರು ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು.

"ಆ ಬೇಕೂಫ್ ನಾನೇ" ಅಂದರು.

ರಾಜಪ್ಪನ ಮುಖ ಇಷ್ಟಾಯಿತು. ಮಿಸ್ತ್ರಿ ನನ್ನ ಕಡೆ ತಿರುಗಿ ನಿಧಾನವಾಗಿ ಹೇಳಿದರು: "ಈ ಗಾಡಿ ಮೊದಲ ಖಣಿ ಗುತ್ತೇದಾರಂದು ಇತ್ರಿ. ಬ್ಯಾಸಗ್ಯಾಗ ಬಂದಿತ್ತು. ಒಳಗಿನ ರೇಡಿಯೇಟರ್ ಸೋರ್ತಿತ್ತು, ನೀರ ಕಾಲ ಮ್ಯಾಲ ಬೀಳ್ತಿತ್ತು. ಬಿಚ್ಚಿ ಬೆಸಗಿ ಹಾಕಬೇಕಂದ್ರ ಎರಡ ದಿನದ ಕೆಲಸ. ನಮ್ಮ ಕಡಿ ಹೀಟರ್ ಯಾರಿಗಿ ಬೇಕು ಅಂತ ನಾನೇ ಅಂದಿನಿ, ನಾನೇ ಜೋಡಿಸಿ ಕಳಿಸಿದಿನಿ. ಈಗ ಯಾಕ ಬೇಕಾತ್ರಿ ನಿಮಗ?"

ನಾನು ಕೂಸಿನ ವಿಷಯ ಹೇಳಿದೆ. ನೋಯಿಸಬೇಕೆಂದು ಹೇಳಿದ್ದಲ್ಲ, ಕೇಳಿದರು, ಹೇಳಿದೆ. ಪಾದ ತಣ್ಣಗಾದದ್ದನ್ನೂ ಹೇಳಿದೆ. ಅವರು ಫರ್ಸಿ ಕಲ್ಲಿನ ಮೇಲೆ ಕುಳಿತುಬಿಟ್ಟರು.

"ಕೂಸ ಅದ ಏನ್ರಿ ಈಗ?"

"ಅದರಿ ಕಾಕಾ. ಹಾಲು ಕುಡೀಲಿಕತ್ತದ."

"ಅದ" ಎಂದು ತಾವೂ ಒಮ್ಮೆ ಅಂದುಕೊಂಡು ಎದ್ದರು. ಆ ಎರಡು ದಿನ ಬೇರೆ ಯಾವ ಗಾಡಿಯನ್ನೂ ಮುಟ್ಟಲಿಲ್ಲವಂತೆ.

ಡ್ಯಾಶ್‌ಬೋರ್ಡು ಬಿಚ್ಚಿ ತೆಗೆದ ಆ ಚಿಕ್ಕ ರೇಡಿಯೇಟರನ್ನು ನನಗೆ ತೋರಿಸಿದರು. ಒಂದು ದೊಡ್ಡ ಪುಸ್ತಕದಷ್ಟು ಗಾತ್ರ. ಒಳಗಿನ ಸಣ್ಣ ಕೊಳವೆಗಳ ಬಾಯಲ್ಲೆಲ್ಲ ಸುಣ್ಣ ಗಟ್ಟಿಯಾಗಿ ಕೂತಿತ್ತು. ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು ಬಿಸಿನೀರಿಗೆ ಕದಡಿ, ಅದರಲ್ಲಿ ಮುಳುಗಿಸಿಟ್ಟರು. ಗುಳ್ಳೆ ಎದ್ದು ನೀರು ಹಾಲಿನ ಹಾಗಾಯಿತು. ಚೆಲ್ಲಿ ಮತ್ತೆ ಮುಳುಗಿಸಿದರು. ಹೀಗೆ ನೀರು ತಿಳಿಯಾಗುವ ತನಕ. ಆಮೇಲೆ ಸೋರುವ ಜಾಗ ಹುಡುಕಿ ಬೆಸುಗೆ ಹಾಕಿ, ಬಕೆಟ್ಟಿನ ನೀರಲ್ಲಿ ಅದ್ದಿ ಗಾಳಿ ಊದಿ ನೋಡಿದರು. ಒಂದು ಗುಳ್ಳೆಯೂ ಬರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಎಲ್ಲ ಜೋಡಿಸಿ, ಹೊಸ ಕೂಲಂಟ್ ತುಂಬಿ, ಇಂಜಿನ್ ಚಾಲೂ ಮಾಡಿದರು. ಅದು ಬಿಸಿಯಾಗುವ ತನಕ ನಾವು ಒಳಗೆ ಕುಳಿತೆವು. ಗುಂಡಿ ತಿರುಗಿಸಿದರೆ ಗಾಳಿ ತಣ್ಣಗೇ ಬಂತು.

ರಾಜಪ್ಪ ನನ್ನ ಮುಖ ನೋಡಿದ. ಮಿಸ್ತ್ರಿ ಮಾತ್ರ ಗಾಬರಿಯಾಗಲಿಲ್ಲ. ಮತ್ತೆ ಪೈಪು ಮುಟ್ಟಿ ನೋಡಿ, "ಬರ್ರಿ ಸಿಸ್ಟರ್, ಮುಟ್ಟಿ ನೋಡ್ರಿ" ಎಂದು ಕರೆದರು. ಮುಟ್ಟಿದೆ. ಒಂದು ಪೈಪು ಬಿಸಿ, ಇನ್ನೊಂದು ತಣ್ಣಗೆ.

"ಒಳಗ ಗಾಳಿ ಸಿಕ್ಕೊಂಡದ. ಬಿಸಿನೀರ ಬಾಗಲ ತನಕ ಬಂದದ, ಗಾಳಿ ದಾಟಿ ಮುಂದ ಹೋಗವಲ್ದು."

"ಇದು ನಮ್ಮ ಕೂಸುಗಳ ಹಂಗೇ ಆತಲ್ಲ ಕಾಕಾ" ಅಂದೆ. "ಹೊಟ್ಟಿ ಬೆಚ್ಚಗ, ಪಾದ ಥಣ್ಣಗ ಇದ್ರ ಕೂಸಿಗೆ ಥಂಡಿ ಹತ್ಲಿಕತ್ತದ ಅಂತ ತಿಳೀತೀವಿ. ಎರಡೂ ಥಣ್ಣಗಾದ್ರ ಭಾಳ ತಡ ಆಗ್ಯದ ಅಂತ."

ಅವರು ನಟ್ಟು ಬಿಗಿಯುವ ಪಾನಾ ಕೆಳಗಿಟ್ಟರು. "ಇನ್ನೊಮ್ಮಿ ಹೇಳ್ರಿ" ಅಂದರು. ಹೇಳಿದೆ. ಎಲ್ಲಿ ಮುಟ್ಟಬೇಕು, ಕೈ ಮೊದಲು ಒರೆಸಿ ಬೆಚ್ಚಗೆ ಮಾಡಿಕೊಳ್ಳಬೇಕೇ, ತಾಯಿಯ ಎದೆಗೆ ಹೇಗೆ ಒರಗಿಸಬೇಕು, ತಲೆಗೆ ಟೊಪ್ಪಿಗೆ ಬೇಕೇ ಎಂದು ಒಂದೊಂದಾಗಿ ಕೇಳಿದರು. ಇಂಜಿನ್ ಓಡುತ್ತಲೇ ಇತ್ತು.

ಆಮೇಲೆ ನಾಲ್ಕು ಫರ್ಸಿ ಕಲ್ಲು ಪೇರಿಸಿ, ಜೀಪಿನ ಮುಂದಿನ ಗಾಲಿ ಅದರ ಮೇಲೆ ಹತ್ತಿಸಿದರು. ಗಾಡಿಯ ಮೂತಿ ಮೇಲಾಯಿತು. ಗಾಳಿ ಮೇಲಕ್ಕೇ ಬರಬೇಕಲ್ಲ ಎಂದು ವಿವರಿಸಿದರು. ಇಂಜಿನ್ ಬಂದ್ ಮಾಡಿ, ಅದು ಪೂರ್ತಿ ಆರಿದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು, ಪೈಪನ್ನು ಹಸುವಿನ ಕೆಚ್ಚಲು ಹಿಂಡಿದ ಹಾಗೆ ಮೆಲ್ಲಗೆ ಹಿಂಡಿದರು. ಗುಳು ಗುಳು ಎಂದು ಗುಳ್ಳೆಗಳೆದ್ದವು. ಕೂಲಂಟ್ ಇಳಿಯಿತು, ಮತ್ತೆ ಸುರಿದರು. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ, ಇಂಜಿನ್ ಬಿಸಿಯಾಗಲು ಬಿಟ್ಟರು.

ಮೂವರೂ ಒಳಗೆ ಕುಳಿತು ಬಾಗಿಲು ಹಾಕಿಕೊಂಡೆವು. ಗಾಳಿ ಮೊದಲು ತಣ್ಣಗೆ, ಆಮೇಲೆ ಉಗುರುಬೆಚ್ಚಗೆ, ಆಮೇಲೆ ಬಿಸಿ. ಹೊರಗೆ ಸೇಡಮಿನ ಮಧ್ಯಾಹ್ನದ ಬಿಸಿಲು. ಒಳಗೆ ಕಿಟಕಿ ಮುಚ್ಚಿ, ಹೀಟರು ಹಾಕಿಕೊಂಡು, ಹಣೆಯಿಂದ ಬೆವರು ಇಳಿಸುತ್ತ ಮೂರು ಜನ. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ನಮಗೆ ನಗು ತಡೆಯಲಾಗಲಿಲ್ಲ, ಆದರೂ ಯಾರೂ ಹೀಟರು ಬಂದ್ ಮಾಡಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಅವರು ಒಳ್ಳೆಯ ಕೆಲಸಗಾರ ಎಂದು ನೆನಪಿಟ್ಟುಕೊಳ್ಳುತ್ತಿದ್ದೆ. ಒಂದು ವಾರದ ಮೇಲೆ ಆಸ್ಪತ್ರೆಗೆ ಬಂದರು. ಒಗೆದ ಬಿಳಿ ಅಂಗಿ. "ಆ ಕೂಸಿನ ಮನಿಗಿ ನೀವು ಮತ್ತ ಹೋಗ್ತೀರೇನ್ರಿ? ನನ್ನೂ ಕರ್ಕೊಂಡ ಹೋಗ್ರಿ" ಎಂದರು.

ತಾಂಡಾಕ್ಕೆ ಹೋದಾಗ ಬಿಸಿಲು ಏರಿತ್ತು. ತಾಯಿ ಅಂಗಳದಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಮಿಸ್ತ್ರಿ ಚಪ್ಪಲಿ ದೂರ ಬಿಟ್ಟು, ಅವಳ ಮುಂದೆ ನಿಂತು, ಆ ಗಾಡಿಯ ಹೀಟರನ್ನು ಬಂದ್ ಮಾಡಿದವನು ನಾನು, ತಪ್ಪಾಯಿತು ಎಂದರು. ಅವಳಿಗೆ ಏನೂ ಅರ್ಥವಾಗಲಿಲ್ಲ. ಹೀಟರು ಎಂಬುದೊಂದು ಇರುತ್ತದೆಂದೇ ಅವಳಿಗೆ ಗೊತ್ತಿರಲಿಲ್ಲ. ನಾನು ಬಿಡಿಸಿ ಹೇಳಿದೆ. ಅವಳು ಒಂದು ಗಳಿಗೆ ಅವರನ್ನು ನೋಡಿದಳು. ಆಮೇಲೆ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಮುಂದೆ ಚಾಚಿದಳು.

"ಎತ್ಕೋರಿ ಮುತ್ಯಾ."

ಮಿಸ್ತ್ರಿ ಹಿಂದೆ ಸರಿದರು. "ಕೈ ಕರಿ ಅದವ್ವಾ. ಎಷ್ಟ ತಿಕ್ಕಿದ್ರೂ ಹೋಗಂಗಿಲ್ಲ."

"ನಮ್ಮವರ ಕೈ ಏನ್ ಬೆಳ್ಳಗ ಅವೇನ್ರಿ? ಎತ್ಕೋರಿ."

ಎತ್ತಿಕೊಂಡರು. ಬಾಗಿದ ಬೆನ್ನು ಇನ್ನಷ್ಟು ಬಾಗಿಸಿ, ಬಟ್ಟೆಯ ಸಂದಿಯಲ್ಲಿ ಒಂದು ಬೆರಳು ತೂರಿಸಿ ಪಾದ ಮುಟ್ಟಿ ನೋಡಿದರು. ನನ್ನ ಕಡೆ ತಿರುಗಿ ತಲೆಯಾಡಿಸಿದರು.

ಅಲ್ಲಿಂದ ಮುಂದೆ ಅವರಿಗೆ ಅದೊಂದು ಹಟವೇ ಆಯಿತು. ಯಾವ ಗಾಡಿ ಯಾವ ಕೆಲಸಕ್ಕೆ ಬಂದರೂ ಇಂಜಿನ್ನಿನ ಹಿಂದಿನ ಸಂದಿಗೆ ಕೈ ಹಾಕಿ ಆ ಎರಡು ಪೈಪು ನೋಡುತ್ತಿದ್ದರು. ತಾವು ಜೋಡಿಸಿ ಕಳಿಸಿದ ಗಾಡಿಗಳು ಎಲ್ಲೆಲ್ಲಿವೆ ಎಂದು ನೆನಪು ಮಾಡಿಕೊಂಡು ಹುಡುಕಿಸಿ ಕರೆಸಿದರು. ಕೆಲವರು ಬಂದರು, ಕೆಲವರು ನಕ್ಕರು. ಚಿತ್ತಾಪುರದ ಒಬ್ಬ ಟ್ಯಾಕ್ಸಿ ಮಾಲೀಕ ನನ್ನೆದುರಿಗೇ ವಾದಕ್ಕೆ ನಿಂತ.

"ನನಗ ಹೀಟರ್ ಬ್ಯಾಡ ಕಾಕಾ. ನಾ ಯಾವತ್ತೂ ಹಚ್ಚಿಲ್ಲ."

"ನಿನಗ ಬ್ಯಾಡ, ಖರೆ. ನಾಳಿ ನಿನ್ನ ಗಾಡ್ಯಾಗ ಯಾರ್ ಕುಂದರ್ತಾರ ಅಂತ ನಿನಗೇನ್ ಗೊತ್ತು?"

ಆತ ಕೀಲಿ ಕೊಟ್ಟು ಚಹಾ ಕುಡಿಯಲು ಹೋದ.

ಇನ್ನೊಂದು ಕೆಲಸ ಅವರು ನನಗೆ ಹೇಳದೆಯೇ ಮಾಡುತ್ತಿದ್ದರು. ಅದು ನನಗೆ ತಿಳಿದದ್ದು ಎರಡು ಚಳಿಗಾಲ ಕಳೆದ ಮೇಲೆ. ಕಾಳಗಿ ಕಡೆಯ ಒಬ್ಬ ಟ್ಯಾಕ್ಸಿ ಡ್ರೈವರ್ ಬೆಳಗಿನ ಹೊತ್ತು ಒಬ್ಬ ಬಾಣಂತಿಯನ್ನು ನಮ್ಮಲ್ಲಿಗೆ ತಂದ. ದಾರಿಯಲ್ಲೇ ಹೆರಿಗೆಯಾಗಿತ್ತು. ಓಡಿಹೋಗಿ ಬಾಗಿಲು ತೆಗೆದರೆ ಒಳಗಿನಿಂದ ಬೆಚ್ಚಗಿನ ಗಾಳಿ ಮುಖಕ್ಕೆ ಬಡಿಯಿತು. ಕೂಸು ತಾಯಿಯ ಎದೆಯ ಮೇಲಿತ್ತು, ತಲೆಗೆ ಡ್ರೈವರನ ಮಫ್ಲರು. "ಪಾದ ಮುಟ್ಟಿ ನೋಡೀನ್ರಿ ಸಿಸ್ಟರ್, ಬೆಚ್ಚಗ ಅವ" ಎಂದ. ಯಾರು ಹೇಳಿಕೊಟ್ಟರು ಎಂದು ಕೇಳಿದೆ.

"ರೇಡಿಯೇಟರ್ ಮಿಸ್ತ್ರಿ. ಪೈಪ ಮುಟ್ಟಿಸಿ ಮುಟ್ಟಿಸಿ ಹೇಳ್ತಾರ್ರಿ. ನಾವು ಪೂರಾ ಹೇಳಿ ತೋರಿಸೋ ತನಕ ಕೀಲಿ ಕೊಡಂಗಿಲ್ಲ."

ನಾನು ಸೇಡಂಗೆ ಹೋಗಿ ಅವರನ್ನು ಕೇಳಿದೆ. "ಹಾಂ, ಹೇಳ್ತೀನಿ. ಸುಮ್ಮ ಕುಂತಿರ್ತಾರಲ್ಲ ಇಂಜಿನ್ ಆರೂ ತನಕ" ಎಂದು ಮಾತು ಮುಗಿಸಿದರು. ಆ ಡ್ರೈವರನ ಕಥೆ ಹೇಳಿದಾಗ ಮಾತ್ರ ಬೆಸುಗೆಯ ಕಡ್ಡಿ ಕೆಳಗಿಟ್ಟು, ಗಂಡೋ ಹೆಣ್ಣೋ ಎಂದು ಕೇಳಿದರು.

ಈಗ ಅವರ ಎಡಗೈ ನಡುಗುತ್ತದೆ. ಬೆಸುಗೆ ಒಂದು ಕಡೆ, ಕಡ್ಡಿ ಒಂದು ಕಡೆ ಆಗತೊಡಗಿದಾಗ ಅವರೇ ಅಂಗಡಿ ಮುಚ್ಚಿ ಹೊಳೆ ದಂಡೆಯ ಊರಿಗೆ ಹೋದರು. ಸಾಮಾನುಗಳನ್ನು ವಾಡಿಯ ಒಬ್ಬ ಮಿಸ್ತ್ರಿಗೆ ಕೊಟ್ಟರು. ಬೇಸರವೇನಾದರೂ ಇದೆಯೇ ಎಂದು ನಾನು ಫೋನಿನಲ್ಲಿ ಕೇಳಿದರೆ ಅವರು ಬೇರೆಯೇ ಮಾತು ತೆಗೆದರು.

"ನಿಮ್ಮ ದವಾಖಾನಿಗಿ ಬ್ಯಾಟರಿ ಗಾಡಿ ಬರ್ಲಿಕತ್ತದಂತಲ್ಲ?"

"ಹೌದ್ರಿ ಕಾಕಾ, ಬರೂ ವಾರ."

"ಅದರಾಗ ಇಂಜಿನ್ ಇಲ್ಲ. ಇಂಜಿನ್ ಇಲ್ಲಂದ್ರ ಬಿಸಿನೀರ ಇಲ್ಲ. ಮತ್ತ ಕೂಸಿಗಿ ಬಿಸಿ ಎಲ್ಲಿಂದ ಕೊಡ್ತಾರ್ರಿ?"

ನನಗೆ ಗೊತ್ತಿರಲಿಲ್ಲ. ಗಾಡಿ ಬಂದ ಮೇಲೆ ನೀವೇ ಬಂದು ನೋಡಿ ಅಂದೆ.

ಬ್ಯಾಟರಿಯ ವ್ಯಾನು ಬಂದ ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಅವರು ಆಸ್ಪತ್ರೆಯ ಗೇಟಿನಲ್ಲಿದ್ದರು. ತಲೆಗೆ ಟವೆಲ್ ಸುತ್ತಿಕೊಂಡಿದ್ದರು, ಚಳಿ ಜೋರಿತ್ತು. ವ್ಯಾನಿನ ಸುತ್ತ ಒಂದು ಸುತ್ತು ಹಾಕಿದರು. ಬಾನೆಟ್ ತೆಗೆಸಿ, ಅಲ್ಲಿದ್ದ ಡಬ್ಬಿಗಳನ್ನೂ ಕಿತ್ತಳೆ ಬಣ್ಣದ ದಪ್ಪ ವೈರುಗಳನ್ನೂ ಕೈಕಟ್ಟಿಕೊಂಡು ನೋಡಿದರು. ಮುಟ್ಟಬಾರದು ಎಂದು ರಾಜಪ್ಪ ಹೇಳುವ ಮೊದಲೇ, "ಇದು ನನಗ ತಿಳಿಯಂಗಿಲ್ಲಪ್ಪ" ಎಂದು ಹಿಂದೆ ಸರಿದರು. ಬಂದು ಮುಂದಿನ ಸೀಟಿನಲ್ಲಿ ಕುಳಿತರು.

ರಾಜಪ್ಪ ಹೀಟರಿನ ಬಟನ್ ಒತ್ತಿದ. ಮಿಸ್ತ್ರಿ ಕೈಗಳನ್ನು ತೊಡೆಯ ಮೇಲಿಟ್ಟು, ಬೆನ್ನು ಒರಗಿಸಿ, ಇನ್ನೇನು ಐದು ಹತ್ತು ನಿಮಿಷ ಕೂರಬೇಕು ಎಂಬಂತೆ ಕಣ್ಣು ಮುಚ್ಚಿದರು. ಮುಚ್ಚಿದವರು ತಟ್ಟನೆ ತೆರೆದರು.

"ಬಂದೇ ಬಿಡ್ತಲ್ಲೋ! ಇಷ್ಟ ಲಗೂನ?"

"ಕರೆಂಟಿನ ಮ್ಯಾಲ ಕಾಯ್ತದ ಕಾಕಾ, ನೀರಿನ ಹಂಗಿಲ್ಲ."

"ಬಂದ್ ಮಾಡು. ಮತ್ತ ಹಚ್ಚು."

ಮೂರು ಸಲ ಬಂದ್ ಮಾಡಿಸಿ ಮೂರು ಸಲ ಹಚ್ಚಿಸಿದರು. ಪ್ರತಿ ಸಲವೂ ನಕ್ಕರು. ನಡುಗುವ ಎಡಗೈಯನ್ನು ಬಿಸಿಗಾಳಿಗೆ ಹಿಡಿದಿದ್ದರು. "ನಾವು ಕಾಯೋದು ತಪ್ಪಿತು ನೋಡ್ರಿ ಸಿಸ್ಟರ್" ಎಂದರು. "ಭಾಳ ಛಲೋ ಮಾಡ್ಯಾರ. ಯಾರ್ ಮಾಡಿದ್ರೋ ಏನೋ, ಭಾಳ ಛಲೋ ಮಾಡ್ಯಾರ."

ಅಷ್ಟರಲ್ಲಿ ನನ್ನ ಫೋನ್ ಬಡಿಯಿತು. ಒಂದು ಹಳ್ಳಿಯಲ್ಲಿ ಹೆರಿಗೆ ನೋವು ಶುರುವಾಗಿತ್ತು. ನಾನು ಮಾತು ಮುಗಿಸುವ ಮೊದಲೇ ಅವರು ಇಳಿದು, ಸೀಟನ್ನು ಅಂಗೈಯಿಂದ ಒರೆಸಿ, ನನಗೆ ಜಾಗ ಬಿಟ್ಟುಕೊಟ್ಟಿದ್ದರು. ಚಹಾ ಕುಡಿದು ಹೋಗಿ ಎಂದರೆ, "ಚಹಾ ಇರ್ಲಿ, ನೀವು ನಡೀರಿ, ನಡೀರಿ" ಎಂದು ತಾವೇ ಬಾಗಿಲು ಎಳೆದು ಹಾಕಿದರು. ಗೇಟು ದಾಟುವಷ್ಟರಲ್ಲಿ ವ್ಯಾನಿನೊಳಗೆ ಪೂರ್ತಿ ಬೆಚ್ಚಗಾಗಿತ್ತು.